ಗಾಯ ಮಾಗುವ ಕಾಲ, ಕಾಲೇಜು ಸೇರುವ ಕಾಲ

ಮಳೆಗಾಲದೊಂದಿಗೆ ನಮ್ಮ ಕರಾವಳಿಯ ಕಾಲೇಜುಗಳಿಗೆ ಹೊಸ ಮುಖಗಳು ಬರುತ್ತವೆ. ಅಜೆಕಾರು, ಹೆಬ್ರಿ, ಬೈಲೂರು, ಬಜಗೋಳಿ ಮೊದಲಾದ ಊರುಗಳಿಂದ ಮುಂಜಾನೆಯ ಬಸ್ಸು ಹಿಡಿದು ಕಾರ್ಕಳಕ್ಕೋ, ಉಡುಪಿ ಮಣಿಪಾಲಗಳಿಗೋ ಹೊರಡುವ ಹುಡುಗ ಹುಡುಗಿಯರಲ್ಲಿ ಅನೇಕರಿಗೆ ಅದೇ ಮೊದಲ ಬಾರಿಗೆ ಊರಿನ ಪರಿಚಯದ ವಲಯವನ್ನು ದಾಟುವ ದಿನ. ಯಾರಿಗೂ ತಮ್ಮ ಹೆಸರು ಗೊತ್ತಿಲ್ಲ, ಮನೆತನ ಗೊತ್ತಿಲ್ಲ, ಕಾಣುವುದು ಮುಖವೊಂದೇ. ಆ ಮುಖದ ಮೇಲೆ ಶಸ್ತ್ರಕ್ರಿಯೆಯ ಗಾಯ ಇನ್ನೂ ಮಾಗದೆ ಇದ್ದರೆ? ಕೆನ್ನೆಯ ಬಾವು ಇಳಿಯದೆ, ತುಟಿಯ ಮೇಲಿನ ಹೊಲಿಗೆಯ ಗುರುತು ಕೆಂಪಗೆ ಎದ್ದು ಕಾಣುತ್ತಿದ್ದರೆ?

ಅಂಥ ವಿದ್ಯಾರ್ಥಿಗಳು ಪ್ರತಿ ವರ್ಷವೂ ಎಲ್ಲ ಕಾಲೇಜುಗಳಲ್ಲಿ ಇದ್ದೇ ಇರುತ್ತಾರೆ. ಅವರಲ್ಲಿ ಕೆಲವರು ಒಂದು ವರ್ಷ ಬಿಟ್ಟು ಬರೋಣವೇ ಎಂದು ಯೋಚಿಸುತ್ತಾರೆ. ಕೆಲವರು ಬಂದರೂ ಹಿಂದಿನ ಬೆಂಚು ಹಿಡಿದು, ತಲೆತಗ್ಗಿಸಿ ಕುಳಿತು, ಬಾಯಿಬಿಡದೆ ವರ್ಷ ಕಳೆಯುತ್ತಾರೆ. ಈ ಸಂಕೋಚವನ್ನು ಕುರಿತು ಹಿತವಚನ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನಾವು ಇಲ್ಲಿ ಹಿತವಚನಕ್ಕೆ ಬದಲಾಗಿ ಲೆಕ್ಕವನ್ನು ಮುಂದಿಡಬಯಸುತ್ತೇವೆ. ಗಾಯ ಎಷ್ಟು ದಿನಗಳಲ್ಲಿ ಮಾಗುತ್ತದೆ? ಕಲೆ ಎಷ್ಟು ದೂರದಿಂದ ಕಾಣುತ್ತದೆ? ಇತರರು ನಿಜವಾಗಿ ಎಷ್ಟು ನೋಡುತ್ತಾರೆ? ಈ ಮೂರು ಪ್ರಶ್ನೆಗಳಿಗೂ ವಿಜ್ಞಾನದಲ್ಲಿ ಉತ್ತರವುಂಟು.

ಈ ವಯಸ್ಸೇ ಏಕೆ?

ಮುಖದ ಶಸ್ತ್ರಕ್ರಿಯೆಯೂ ಕಾಲೇಜಿನ ಮೊದಲ ವರ್ಷವೂ ಒಟ್ಟಿಗೆ ಬರುವುದು ಬರಿಯ ಆಕಸ್ಮಿಕವಲ್ಲ. ಅಪಘಾತಗಳನ್ನು ಬಿಟ್ಟು ಉಳಿದವುಗಳಿಗೆ ಇದರಲ್ಲಿ ಒಂದು ಶಾರೀರಿಕ ಕಾರಣವಿದೆ.

ತಲೆಬುರುಡೆಯ ಮೆದುಳಿನ ಭಾಗ ಎಳವೆಯಲ್ಲಿಯೇ ಬಹುಮಟ್ಟಿಗೆ ಬೆಳೆದು ಮುಗಿಯುತ್ತದೆ. ಆದರೆ ದವಡೆ, ಮುಖ್ಯವಾಗಿ ಕೆಳದವಡೆ, ಬಹಳ ನಿಧಾನಿ. ಹುಡುಗಿಯರಲ್ಲಿ ಸುಮಾರು 15-16 ವರ್ಷದವರೆಗೆ, ಹುಡುಗರಲ್ಲಿ 18 ವರ್ಷದವರೆಗೆ, ಕೆಲವೊಮ್ಮೆ ಅದಕ್ಕಿಂತ ಮುಂದೆಯೂ ಅದು ಬೆಳೆಯುತ್ತದೆ. ಮೇಲಿನ ದವಡೆಗೂ ಕೆಳಗಿನ ದವಡೆಗೂ ಹೊಂದಿಕೆ ತಪ್ಪಿ, ಅಗಿಯಲು ಮಾತಾಡಲು ತೊಂದರೆಯಾದಾಗ, ವೈದ್ಯರು ಮೂಳೆಯನ್ನು ಕೊಯ್ದು ಸರಿಯಾದ ಸ್ಥಾನದಲ್ಲಿರಿಸಿ ಟೈಟಾನಿಯಂ ಲೋಹದ ತೆಳು ಪಟ್ಟಿಗಳಿಂದಲೂ ತಿರುಪುಗಳಿಂದಲೂ ಬಿಗಿಯುತ್ತಾರೆ. ಬೆಳವಣಿಗೆ ಮುಗಿಯುವ ಮೊದಲೇ ಇದನ್ನು ಮಾಡಿದರೆ ದವಡೆ ಮತ್ತೆ ಬೆಳೆದು ಮಾಡಿದ ಕೆಲಸವನ್ನು ಕೆಡಿಸಿಬಿಡಬಹುದು. ಆದಕಾರಣ ಅವರು ಕಾಯುತ್ತಾರೆ. ಹೈಸ್ಕೂಲು ಮುಗಿಯುತ್ತದೆ, ಪಿ.ಯು.ಸಿ. ಮುಗಿಯುತ್ತದೆ, ಅಷ್ಟರಲ್ಲಿ ಕಾಲೇಜು ಬಂದಿರುತ್ತದೆ.

ಸೀಳುತುಟಿ ಮತ್ತು ಸೀಳು ಅಂಗುಳದೊಂದಿಗೆ ಹುಟ್ಟಿದವರ ವಿಷಯವೂ ಹಾಗೆಯೇ. ಜಗತ್ತಿನಲ್ಲಿ ಸುಮಾರು 700 ಜನನಗಳಲ್ಲಿ ಒಂದು ಮಗುವಿಗೆ ಈ ಸೀಳು ಇರುತ್ತದೆಂದು ಲೆಕ್ಕ. ತುಟಿಯನ್ನು ಮಗುವಿನ ಮೊದಲ ಕೆಲವು ತಿಂಗಳುಗಳಲ್ಲಿ, ಅಂಗುಳವನ್ನು ಸುಮಾರು ಒಂದು ಒಂದೂವರೆ ವರ್ಷದೊಳಗೆ ಹೊಲಿಯುತ್ತಾರೆ. ಆದರೆ ಮೂಗನ್ನೂ ದವಡೆಯನ್ನೂ ನೇರ್ಪಡಿಸುವ ಕೊನೆಯ ಕೆಲಸವನ್ನು ಬೆಳವಣಿಗೆ ಮುಗಿಯುವವರೆಗೆ ತಡೆಹಿಡಿಯುವುದೇ ರೂಢಿ. ಹೀಗೆ ಹದಿನೆಂಟನೆಯ ವರ್ಷದ ಆಸುಪಾಸಿನಲ್ಲಿ ಈ ಭಾರವೆಲ್ಲ ಒಂದೇ ಬಾರಿಗೆ ಬಂದು ಬೀಳುತ್ತದೆ. ಇದರಲ್ಲಿ ವಿದ್ಯಾರ್ಥಿಯ ತಪ್ಪೂ ಇಲ್ಲ, ತಂದೆತಾಯಿಗಳ ಅಲಕ್ಷ್ಯವೂ ಇಲ್ಲ.

ನಮ್ಮ ಜಿಲ್ಲೆಗೆ ಇಂಥ ಚಿಕಿತ್ಸೆ ಹೊಸತೇನೂ ಅಲ್ಲ. ಡಾ. ಟಿ. ಎಂ. ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ್ದು 1953ರಲ್ಲಿ; ಅಲ್ಲಿಯ ದಂತವೈದ್ಯ ಕಾಲೇಜು ಆರಂಭವಾದದ್ದು 1965ರಲ್ಲಿ.

ಶ್ರೀರಂಗಪಟ್ಟಣದಿಂದ ಲಂಡನ್ನಿಗೆ

ಮುಖವನ್ನು ಸರಿಪಡಿಸುವ ವಿದ್ಯೆಗೂ ಕನ್ನಡ ನಾಡಿನ ಇತಿಹಾಸಕ್ಕೂ ಒಂದು ಸಂಬಂಧವಿದೆ. ಕಡಿದುಹೋದ ಮೂಗನ್ನು ಮರುರೂಪಿಸುವ ಕ್ರಮವನ್ನು ಸುಶ್ರುತ ಸಂಹಿತೆ ಹೇಳುತ್ತದೆ. ಮರದ ಎಲೆಯೊಂದನ್ನು ಮೂಗಿನ ಅಳತೆಗೆ ಕತ್ತರಿಸಿ, ಅದೇ ಅಳತೆಯ ಚರ್ಮವನ್ನು ಕೆನ್ನೆಯಿಂದ ಎತ್ತಿ ಕೂಡಿಸಬೇಕೆಂಬುದು ಆ ಕ್ರಮ. ಈ ವಿದ್ಯೆ ಕೆಲವು ಕುಟುಂಬಗಳ ಕೈಯಲ್ಲಿ ಸಾವಿರಾರು ವರ್ಷಗಳ ತರುವಾಯವೂ ಉಳಿದಿತ್ತು.

1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತುಗಳನ್ನು ಹೊಡೆಯುತ್ತಿದ್ದ ಕವಾಸ್ಜಿ ಎಂಬ ಮರಾಠಾ ರೈತ ಟಿಪ್ಪು ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಶ್ರೀರಂಗಪಟ್ಟಣದ ಬಳಿಯಿದ್ದ ಮುಂಬಯಿ ಸೈನ್ಯವನ್ನು ಮರಳಿ ಸೇರಿದ ಆತ ಒಂದು ವರ್ಷಕ್ಕೂ ಮಿಕ್ಕಿ ಮೂಗಿಲ್ಲದೆ ಬಾಳಿದ. ಆಮೇಲೆ ಪುಣೆಯ ಸಮೀಪ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಮಾಡಿಕೊಟ್ಟನು. ಇದನ್ನು ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡರು. ವೃತ್ತಾಂತ 1794ರ ಅಕ್ಟೋಬರದಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆಯಲ್ಲಿ ಚಿತ್ರಸಹಿತ ಪ್ರಕಟವಾಯಿತು.

ಕ್ರಮ ಹೀಗಿತ್ತು: ಮೂಗಿನ ಮೋಟಿಗೆ ಹೊಂದುವಂತೆ ತೆಳುವಾದ ಮೇಣದ ಹಾಳೆ ಮಾಡುವುದು; ಅದನ್ನು ಚಪ್ಪಟೆಗೊಳಿಸಿ ಹಣೆಯ ಮೇಲಿಟ್ಟು ಗೆರೆಯೆಳೆಯುವುದು; ಆ ಗೆರೆಯಂತೆ ಚರ್ಮವನ್ನು ಬಿಡಿಸುವುದು. ಆದರೆ ಎರಡು ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕಡಿಯದೆ ಉಳಿಸಿ, ಚರ್ಮವನ್ನು ತಿರುಚಿ ಕೆಳಕ್ಕೆ ತಂದು ಕೂಡಿಸುವುದು. ಮೇಲೆ ಕಾಚನ್ನು ನೀರಿನಲ್ಲಿ ಮೆತ್ತಗೆ ಮಾಡಿ ಬಟ್ಟೆಗೆ ಸವರಿ ಕಟ್ಟುವುದು. ಉಳಿಸಿದ ಆ ಪಟ್ಟಿಯನ್ನು ಕಡಿಯುತ್ತಿದ್ದುದು ಸುಮಾರು 25ನೆಯ ದಿನ.

ಇಪ್ಪತ್ತೈದು ದಿನ ಏಕೆ? ಪಟ್ಟಿಯ ಮೂಲಕ ಹಳೆಯ ರಕ್ತನಾಳಗಳು ಚರ್ಮವನ್ನು ಬದುಕಿಸಿಟ್ಟಿರುತ್ತವೆ. ಅಷ್ಟರಲ್ಲಿ ಹೊಸ ಜಾಗದಿಂದ ಹೊಸ ರಕ್ತನಾಳಗಳು ಹುಟ್ಟಿ ಒಳಕ್ಕೆ ಹಬ್ಬಬೇಕು. ಅವು ಹಬ್ಬುವ ಮೊದಲೇ ಪಟ್ಟಿ ಕಡಿದರೆ ಮೂಗು ಸತ್ತುಹೋಗುತ್ತದೆ. ಆ ಕುಶಲಿಗೆ ಇದು ತಿಳಿದಿತ್ತು. ಆದ್ದರಿಂದಲೇ ಆತ ಆತುರಪಡಲಿಲ್ಲ. ಈ ವೃತ್ತಾಂತವನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ರೀತಿ ಮೂಗು ಮಾಡಿ, 1816ರಲ್ಲಿ ಗ್ರಂಥ ಬರೆದನು. ಯೂರೋಪಿನಲ್ಲಿ ಈ ಶಾಸ್ತ್ರಕ್ಕೆ ಹೊಸ ಚಾಲನೆ ದೊರೆತದ್ದು ಹೀಗೆ.

ಮಾಗುವಿಕೆಯ ಲೆಕ್ಕ

ಇಂದಿನ ಶಸ್ತ್ರಕ್ರಿಯೆ ಎಷ್ಟೇ ಮುಂದುವರಿದಿದ್ದರೂ ಮಾಗುವಿಕೆಗೆ ಕಾಲ ಬೇಕೆಂಬ ನಿಯಮ ಬದಲಾಗಿಲ್ಲ. ಈ ಕಾಲದ ಲೆಕ್ಕ ಗೊತ್ತಿದ್ದರೆ ಕನ್ನಡಿಯ ಮುಂದಿನ ಅರ್ಧ ಭಯ ಹೋಗುತ್ತದೆ.

ಮೊದಲನೆಯದು ಬಾವು. ಗಾಯವಾದೊಡನೆ ಅಲ್ಲಿಯ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ ದ್ರವ ಹೊರಗೆ ಜಿನುಗುತ್ತದೆ. ಬಾವು ಎರಡನೆಯ ಮೂರನೆಯ ದಿನಗಳಲ್ಲಿ ಹೆಚ್ಚುತ್ತದೆ. ಎರಡು ಮೂರು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಉಳಿದ ಸ್ವಲ್ಪ ಭಾಗ ಕೆಲವು ತಿಂಗಳು ನಿಲ್ಲುತ್ತದೆ. ಮೂಗಿನ ತುದಿಯಲ್ಲಂತೂ ಒಂದು ವರ್ಷದವರೆಗೂ ನಿಲ್ಲಬಹುದು. ಮಲಗುವಾಗ ತಲೆಯನ್ನು ಎತ್ತರದಲ್ಲಿರಿಸಲು ವೈದ್ಯರು ಹೇಳುತ್ತಾರಷ್ಟೆ. ಇದು ನಾವು ತರಗತಿಯಲ್ಲಿ ಕಲಿಸುವ ದ್ರವಸ್ಥಿತಿ ನಿಯಮವೇ. ಹೃದಯದ ಮಟ್ಟಕ್ಕಿಂತ ತಲೆ 20 ಸೆಂಟಿಮೀಟರ್ ಮೇಲಿದ್ದರೆ ಅಲ್ಲಿಯ ಅಪಧಮನಿಯ ಒತ್ತಡ ಸುಮಾರು 15 ಮಿಲಿಮೀಟರ್ ಪಾದರಸದಷ್ಟು ಕಡಿಮೆಯಾಗುತ್ತದೆ. ಒತ್ತಡ ತಗ್ಗಿದರೆ ಜಿನುಗುವುದೂ ತಗ್ಗುತ್ತದೆ. ಬೆಳಿಗ್ಗೆ ಏಳುವಾಗ ದಪ್ಪಗಿದ್ದ ಕೆನ್ನೆ ಸಂಜೆಯ ಹೊತ್ತಿಗೆ ತೆಳುವಾಗುವುದಕ್ಕೂ ಇದೇ ಕಾರಣ.

ಎರಡನೆಯದು ಮೂಳೆ. ಕೊಯ್ದ ದವಡೆ ಕೂಡಿಕೊಳ್ಳಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಗಂಜಿತಿಳಿ, ಮೆತ್ತಗಿನ ಅನ್ನ. ಹಲಸಿನ ಹಪ್ಪಳದ ಆಸೆಯನ್ನು ತಡೆಹಿಡಿಯಬೇಕು.

ಮೂರನೆಯದು ನರ. ದವಡೆಯ ಶಸ್ತ್ರಕ್ರಿಯೆಯ ತರುವಾಯ ಕೆಳತುಟಿಯೂ ಗದ್ದವೂ ಜೋಮು ಹಿಡಿದಂತಿರುವುದು ಸಾಮಾನ್ಯ. ಪೆಟ್ಟುಬಿದ್ದ ನರತಂತು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತದೆ. ಹತ್ತು ಸೆಂಟಿಮೀಟರ್ ದಾರಿಗೆ ನೂರು ದಿನ! ಆದ್ದರಿಂದ ಮೊದಲ ತಿಂಗಳಲ್ಲಿ ಮಾತು ತೊದಲಿದರೆ, ನಗು ಒಂದು ಕಡೆಗೆ ವಾಲಿದರೆ, ಅದು ಶಾಶ್ವತವೆಂದು ತೀರ್ಮಾನಿಸಲು ಅವಸರಪಡಬಾರದು. ಕೆಲವರಲ್ಲಿ ಸ್ವಲ್ಪ ಜೋಮು ಉಳಿದುಬಿಡುವುದೂ ಉಂಟು. ಅದನ್ನು ವೈದ್ಯರಿಗೆ ತಿಳಿಸುತ್ತಿರಬೇಕು.

ನಾಲ್ಕನೆಯದು ಕಲೆ. ಚರ್ಮದ ಬಲವೆಲ್ಲ ಕೊಲಾಜೆನ್ ಎಂಬ ನಾರಿನಲ್ಲಿದೆ. ಗಾಯದಲ್ಲಿ ದೇಹ ಮೊದಲು ಅವಸರದ ನಾರನ್ನು ಅಡ್ಡಾದಿಡ್ಡಿ ಹೆಣೆಯುತ್ತದೆ. ಆಮೇಲೆ ಅದನ್ನು ಬಿಚ್ಚಿ, ಎಳೆತದ ದಿಕ್ಕಿಗೆ ಸರಿಯಾಗಿ ಮತ್ತೆ ಹೆಣೆಯುತ್ತದೆ. ಮೂರು ವಾರಕ್ಕೆ ಕಲೆಯ ಬಲ ಮೊದಲಿನ ಚರ್ಮದ ಸುಮಾರು ಐದನೆಯ ಒಂದು ಭಾಗ. ಮೂರು ತಿಂಗಳಿಗೆ ಸುಮಾರು ಐದರಲ್ಲಿ ನಾಲ್ಕು ಭಾಗ. ಅಷ್ಟರ ಮೇಲೆ ಅದು ಹೆಚ್ಚಾಗಿ ಏರುವುದಿಲ್ಲ. ಈ ಹೆಣಿಗೆಯ ಕೆಲಸ ನಡೆಯುವಾಗ ರಕ್ತನಾಳಗಳು ಅಲ್ಲಿ ದಟ್ಟವಾಗಿರುತ್ತವೆ. ಕೆಂಪು ಬಣ್ಣ ಅವುಗಳದು. ಕೆಲಸ ಮುಗಿದಂತೆ ಅವು ಹಿಂದೆಗೆದು ಕಲೆ ಮಸುಕಾಗುತ್ತದೆ. ಇದಕ್ಕೆ ಒಂದು ವರ್ಷ, ಕೆಲವೊಮ್ಮೆ ಹೆಚ್ಚು. ಎಂದರೆ ಮೂರನೆಯ ತಿಂಗಳಿನ ಕೆಂಪು ಗೆರೆ ಅಂತಿಮ ಫಲಿತಾಂಶವಲ್ಲ. ಅದು ನಡೆಯುತ್ತಿರುವ ಕಾಮಗಾರಿ.

ಎಳೆತದ ದಿಕ್ಕಿನ ವಿಷಯವೂ ಸ್ವಾರಸ್ಯವಾದುದು. ವಿಯೆನ್ನಾದ ಕಾರ್ಲ್ ಲ್ಯಾಂಗರ್ ಎಂಬ ಅಂಗರಚನಾಶಾಸ್ತ್ರಜ್ಞ 1861ರಲ್ಲಿ ಶವಗಳ ಚರ್ಮದಲ್ಲಿ ದುಂಡು ಮೊನೆಯ ದಬ್ಬಳದಿಂದ ಚುಚ್ಚಿ ನೋಡಿದ. ತೂತುಗಳು ದುಂಡಾಗಿ ಉಳಿಯದೆ ಸೀಳುಗಳಾದವು. ದೇಹದ ಒಂದೊಂದು ಭಾಗದಲ್ಲಿ ಒಂದೊಂದು ದಿಕ್ಕಿಗೆ. ಚರ್ಮ ಎಲ್ಲ ದಿಕ್ಕಿನಲ್ಲಿಯೂ ಸಮನಾಗಿ ಬಿಗಿದಿಲ್ಲವೆಂದು ಇದರಿಂದ ಸಿದ್ಧವಾಯಿತು. ಈ ಬಗೆಯ ಗೆರೆಗಳಿಗೆ ಸಮಾನಾಂತರವಾಗಿ ಕೊಯ್ದರೆ ಗಾಯದ ಅಂಚುಗಳನ್ನು ಎಳೆಯುವ ಬಲ ಕಡಿಮೆ, ಕಲೆ ತೆಳು. ಮುಖದ ಸಹಜ ನೆರಿಗೆಗಳಲ್ಲಿ ವೈದ್ಯರು ಗಾಯವನ್ನು ಅಡಗಿಸುವ ಕೌಶಲಕ್ಕೆ ಇದೇ ಆಧಾರ.

ಬೆಳಕು, ಕನ್ನಡಿ, ದೂರ

ಈಗ ನಮ್ಮ ವಿಷಯವಾದ ಭೌತಶಾಸ್ತ್ರಕ್ಕೆ ಬರೋಣ. ಅಜೆಕಾರಿನ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ದವಡೆಯ ಶಸ್ತ್ರಕ್ರಿಯೆಯ ಕೆಲವೇ ವಾರಗಳ ಮೇಲೆ ತರಗತಿಗೆ ಸೇರಿದ. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಏಳುತ್ತಿರಲಿಲ್ಲ; ಕರವಸ್ತ್ರ ಗದ್ದದಿಂದ ಇಳಿಯುತ್ತಿರಲಿಲ್ಲ. ಒಂದು ದಿನ ಪ್ರಯೋಗಶಾಲೆಯಲ್ಲಿ ಮೆಲ್ಲಗೆ ಕೇಳಿದ: “ಸಾರ್, ಎಲ್ಲರೂ ಇದನ್ನೇ ನೋಡುತ್ತಾರೆ. ಈ ವರ್ಷ ಬಿಟ್ಟು ಬರುವ ವರ್ಷ ಬರಲೇ?” ನಾವು ಹೇಳಿದೆವು: “ನಿರ್ಧಾರ ನಿನ್ನದು ಮಾರಾಯ. ಮೊದಲು ಅಳತೆ ಮಾಡು, ಆಮೇಲೆ ಹೇಳು.” ಅವನೊಂದಿಗೆ ಕುಳಿತು ಮಾಡಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇವೆ.

ಕಲೆಯ ಅಗಲ ಒಂದು ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಕನ್ನಡಿಯಿಂದ 25 ಸೆಂಟಿಮೀಟರ್ ದೂರ ನಿಂತರೆ ಪ್ರತಿಬಿಂಬ ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿರುವುದರಿಂದ, ಕಣ್ಣಿಗೂ ಪ್ರತಿಬಿಂಬಕ್ಕೂ ನಡುವೆ 50 ಸೆಂಟಿಮೀಟರ್. ಆಗ ಕಲೆಯ ಅಗಲ ಕಣ್ಣಿನಲ್ಲಿ ಮಾಡುವ ಕೋನ 1/500 ರೇಡಿಯನ್, ಎಂದರೆ ಸುಮಾರು 7 ಕಲೆ (ಒಂದು ಅಂಶದ 60ನೆಯ ಭಾಗಕ್ಕೂ ಕಲೆಯೆಂದೇ ಹೆಸರು!). ಐದು ಮೀಟರ್ ದೂರದ ಬೆಂಚಿನಿಂದ ನೋಡುವವನಿಗೆ ಕೋನ ಇದರ ಹತ್ತರಲ್ಲೊಂದು ಪಾಲು, ಸುಮಾರು 0.7 ಕಲೆ. ಆರೋಗ್ಯವಂತ ಕಣ್ಣು ವಿವರಗಳನ್ನು ಬಿಡಿಸಿ ಕಾಣುವ ಮಿತಿ ಸುಮಾರು ಒಂದು ಕಲೆ. ಬಣ್ಣದ ಭೇದ ಗಾಢವಾಗಿದ್ದರೆ ಗೆರೆಯಿದೆಯೆಂದು ತಿಳಿದೀತು. ಅದರ ಅಂಚು, ಏರುತಗ್ಗು, ಹೊಲಿಗೆಯ ಚುಕ್ಕಿ ಇವೊಂದೂ ಕಾಣಲಾರವು. ಕನ್ನಡಿಯ ಮುಂದೆ ನಾವು ನೋಡುವ ಕಲೆಯನ್ನು ತರಗತಿಯಲ್ಲಿ ಹೆಚ್ಚಿನವರು ನೋಡಿಯೇ ಇರುವುದಿಲ್ಲ.

ಬೆಳಕಿನ ದಿಕ್ಕೂ ಮುಖ್ಯ. ಸಂಜೆಯ ಓರೆ ಬಿಸಿಲಿನಲ್ಲಿ ಮುರಕಲ್ಲಿನ ಗೋಡೆಯ ಒಂದೊಂದು ತೂತೂ ನೆರಳು ಬಿಟ್ಟು ಎದ್ದು ಕಾಣುತ್ತದೆ. ಮೋಡ ಕವಿದ ದಿನ ಅದೇ ಗೋಡೆ ನುಣುಪಾಗಿ ತೋರುತ್ತದೆ. ಚಂದ್ರನ ಕುಳಿಗಳು ಹುಣ್ಣಿಮೆಗಿಂತ ಅಷ್ಟಮಿಯಂದು ಚೆನ್ನಾಗಿ ಕಾಣುವುದಕ್ಕೂ ಇದೇ ಕಾರಣ. ಸ್ನಾನದ ಮನೆಯಲ್ಲಿ ಒಂದೇ ಕಡೆ ತೂಗುವ ದೀಪ ಕಲೆಯ ಪ್ರತಿ ಉಬ್ಬಿಗೂ ನೆರಳು ಕೊಡುತ್ತದೆ. ಹಲವು ಕಿಟಕಿಗಳ ತರಗತಿಯಲ್ಲಿ ಬೆಳಕು ಎಲ್ಲ ಕಡೆಯಿಂದ ಬಂದು ಆ ನೆರಳನ್ನು ತುಂಬುತ್ತದೆ.

ಕೈದೂರವಾಣಿಯಲ್ಲಿ ತೆಗೆದುಕೊಳ್ಳುವ ಸ್ವಚಿತ್ರವನ್ನಂತೂ ನಂಬಲೇಬಾರದು. ಕ್ಯಾಮರಾ ಹತ್ತಿರವಿದ್ದಷ್ಟೂ ಮುಂದಿರುವ ಮೂಗು ಹಿಂದಿರುವ ಕಿವಿಗಿಂತ ಹೆಚ್ಚು ಹಿಗ್ಗುತ್ತದೆ. 12 ಅಂಗುಲ ದೂರದ ಚಿತ್ರದಲ್ಲಿ ಮೂಗು 5 ಅಡಿ ದೂರದ ಚಿತ್ರದಲ್ಲಿರುವುದಕ್ಕಿಂತ ಪ್ರತಿಶತ ಸುಮಾರು 30ರಷ್ಟು ಅಗಲವಾಗಿ ತೋರುವುದೆಂದು 2018ರಲ್ಲಿ ಅಮೆರಿಕದ ವೈದ್ಯರು ಗಣಿತದಿಂದ ತೋರಿಸಿದ್ದಾರೆ. ಇದು ಮುಖದ ದೋಷವಲ್ಲ, ಜ್ಯಾಮಿತಿಯ ಆಟ.

ಕನ್ನಡಿ ಎಡಬಲಗಳನ್ನು ಅದಲುಬದಲು ಮಾಡುತ್ತದೆಂಬುದನ್ನೂ ಮರೆಯಬಾರದು. 1977ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿನಿಯರ ಭಾವಚಿತ್ರಗಳನ್ನು ನೇರವಾಗಿಯೂ ತಿರುಗುಮುರುಗಾಗಿಯೂ ಅಚ್ಚುಹಾಕಿಸಿ ತೋರಿಸಿದರು. ಚಿತ್ರದವರಲ್ಲಿ ಹೆಚ್ಚಿನವರು ಕನ್ನಡಿಯಂತಿರುವುದನ್ನು ಮೆಚ್ಚಿದರು, ಅವರ ಗೆಳತಿಯರು ನೇರವಾದುದನ್ನು. ನಾವು ರೂಢಿಯಾದ ಮುಖವನ್ನು ಮೆಚ್ಚುತ್ತೇವೆ. ಶಸ್ತ್ರಕ್ರಿಯೆಯಾದವನಿಗೆ ತನ್ನ ಹೊಸ ಮುಖ ಅಪರಿಚಿತವೆನಿಸುವುದು ಅದು ವಿಕಾರವಾದುದರಿಂದಲೇ ಅಲ್ಲ. ರೂಢಿ ತಪ್ಪಿದ್ದರಿಂದಲೂ ಹೌದು. ರೂಢಿಯಾದರೋ ಮತ್ತೆ ಹುಟ್ಟುತ್ತದೆ.

ಇಲ್ಲದ ಕಲೆಯ ಪ್ರಯೋಗ

ಇತರರ ನೋಟವನ್ನು ಅಳೆಯಬಹುದೇ? 1980ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಾಬರ್ಟ್ ಕ್ಲೆಕ್ ಮತ್ತು ಏಂಜೆಲೊ ಸ್ಟ್ರೆಂಟ ಒಂದು ಜಾಣತನದ ಪ್ರಯೋಗವನ್ನು ಪ್ರಕಟಿಸಿದರು. ಪ್ರಯೋಗಕ್ಕೆ ಒಳಗಾದವರ ಮುಖದ ಮೇಲೆ ಬಣ್ಣದಿಂದ ಹುಸಿ ಕಲೆಯೊಂದನ್ನು ಬರೆದು ಕನ್ನಡಿಯಲ್ಲಿ ತೋರಿಸಿದರು. ಅಪರಿಚಿತ ವ್ಯಕ್ತಿಯೊಡನೆ ಮಾತಾಡಿ ಬಂದು, ಅವರು ಹೇಗೆ ವರ್ತಿಸಿದರೆಂಬುದನ್ನು ಹೇಳಬೇಕು. ಒಳಹೋಗುವ ಮುನ್ನ, ಕಲೆ ಬಿರಿಯದಂತೆ ಸ್ವಲ್ಪ ಲೇಪ ಹಚ್ಚುತ್ತೇವೆಂದು ಹೇಳಿ, ವಾಸ್ತವವಾಗಿ ಕಲೆಯನ್ನು ಪೂರ್ಣ ಒರೆಸಿಬಿಟ್ಟರು. ಇದು ಅವರಿಗೆ ತಿಳಿಯದು. ಹೊರಬಂದವರು, ಎದುರಿನವರು ಬಿಗುವಿನಿಂದ ವರ್ತಿಸಿದರೆಂದೂ ಅದಕ್ಕೆ ಕಲೆಯೇ ಕಾರಣವೆಂದೂ ವರದಿ ಮಾಡಿದರು. ಕಲೆಯಾದರೋ ಇರಲೇ ಇಲ್ಲ! ತಮಗೆ ಅಲರ್ಜಿಯಿದೆಯೆಂಬ ಸುಳ್ಳು ಮಾಹಿತಿ ಎದುರಿನವರಿಗೆ ಹೋಗಿದೆಯೆಂದು ನಂಬಿದ್ದ ಇನ್ನೊಂದು ಗುಂಪಿಗೆ ಅಂಥ ಬಿಗುವು ಕಾಣಲಿಲ್ಲ. ಎದುರಿನವರು ಕಣ್ಣು ಹೊರಳಿಸುವುದು, ಕೆಮ್ಮುವುದು, ಅತ್ತಿತ್ತ ನೋಡುವುದು ಎಲ್ಲ ಸಂಭಾಷಣೆಯಲ್ಲಿಯೂ ಇರುತ್ತದೆ. ಕಲೆಯಿದೆಯೆಂದು ನಂಬಿದವನು ಅದಕ್ಕೆ ಅರ್ಥ ಹಚ್ಚುತ್ತಾನೆ.

2000ದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ನಾಚಿಕೆ ತರುವಂಥ ಚಿತ್ರವಿದ್ದ ಅಂಗಿ ತೊಡಿಸಿ ಇತರರಿದ್ದ ಕೋಣೆಗೆ ಕಳಿಸಿದರು. ಕೋಣೆಯಲ್ಲಿದ್ದ ಸುಮಾರು ಅರ್ಧ ಮಂದಿ ಚಿತ್ರವನ್ನು ಗುರುತಿಸಿರಬೇಕೆಂದು ತೊಟ್ಟವರ ಅಂದಾಜು; ನಿಜವಾಗಿ ಗುರುತಿಸಿದವರು ಸುಮಾರು ಕಾಲುಭಾಗ.

ದಿಟ್ಟಿಸದ ಊರು

ಇಷ್ಟರಿಂದ ನೋಟವೆಲ್ಲ ಭ್ರಮೆಯೆಂದು ಹೇಳಿದರೆ ಅದು ಅನ್ಯಾಯ. ಕಾಲುಭಾಗದವರು ನೋಡಿದ್ದು ನಿಜವೇ. ದೊಡ್ಡ ಗಾಯವಿದ್ದವರನ್ನು ಜನ ದಿಟ್ಟಿಸುವುದೂ, ಬಸ್ಸಿನಲ್ಲಿ “ಮೋರೆಗೆ ಏನಾಯಿತು?” ಎಂದು ಕೇಳುವುದೂ ನಿಜ. ಇಲ್ಲಿ ಲೆಕ್ಕ ಮುಗಿದು ನೋಡುವವರ ಹೊಣೆ ಆರಂಭವಾಗುತ್ತದೆ.

ಮೊದಲ ಮಹಾಯುದ್ಧದಲ್ಲಿ ಮುಖಕ್ಕೆ ಗುಂಡೇಟು ಬಿದ್ದ ಸೈನಿಕರಿಗಾಗಿ ಹೆರಾಲ್ಡ್ ಗಿಲ್ಲೀಸ್ ಎಂಬ ವೈದ್ಯರು ಇಂಗ್ಲೆಂಡಿನ ಸಿಡ್‌ಕಪ್ಪಿನಲ್ಲಿ 1917ರಲ್ಲಿ ತೆರೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಸಿದರು. ಅಲ್ಲಿಯ ದಾರಿಯಲ್ಲಿ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು; ಅಲ್ಲಿ ಕುಳಿತವನ ಮುಖ ನೋಡಿ ಬೆಚ್ಚಬೇಡಿ ಎಂದು ಊರವರಿಗೆ ಮುನ್ಸೂಚನೆ. ಎರಡನೆಯ ಮಹಾಯುದ್ಧದಲ್ಲಿ ಗಿಲ್ಲೀಸರ ಬಂಧು ಆರ್ಚಿಬಾಲ್ಡ್ ಮ್ಯಾಕಿಂಡೋ ಈಸ್ಟ್ ಗ್ರಿನ್‌ಸ್ಟೆಡ್ ಪಟ್ಟಣದಲ್ಲಿ ಬೇರೆ ದಾರಿ ಹಿಡಿದರು. ಸುಟ್ಟಗಾಯಗಳ ವಿಮಾನಭಟರನ್ನು ಅಡಗಿಸಿಡಲಿಲ್ಲ. ಊರವರನ್ನು ಕಂಡು, ಅವರನ್ನು ಮನೆಗೆ ಕರೆಯಿರಿ, ಸಹಜವಾಗಿ ಮಾತಾಡಿಸಿರಿ ಎಂದು ಕೇಳಿಕೊಂಡರು. ಊರು ಒಪ್ಪಿತು, ‘ದಿಟ್ಟಿಸದ ಊರು’ ಎಂಬ ಕೀರ್ತಿ ಅದಕ್ಕೆ ಬಂತು. ರೋಗಿಗಳು 1941ರಲ್ಲಿ ತಮ್ಮದೇ ಒಂದು ಕೂಟ ಕಟ್ಟಿ, ಪ್ರಯೋಗದ ಪ್ರಾಣಿಗಳೆಂದು ತಮ್ಮನ್ನೇ ಹಾಸ್ಯಮಾಡಿಕೊಂಡು ‘ಗಿನಿಪಿಗ್ ಕ್ಲಬ್’ ಎಂದು ಹೆಸರಿಟ್ಟರು. ಯುದ್ಧ ಮುಗಿಯುವಾಗ ಸದಸ್ಯರು 649.

ನಮ್ಮ ತರಗತಿಗಳೂ ಅಂಥ ಊರಾಗಬಹುದು. ಪಕ್ಕದ ಬೆಂಚಿನವರು ಮಾಡಬೇಕಾದುದು ಕಷ್ಟವಾದುದೇನೂ ಅಲ್ಲ: ಕಣ್ಣು ನೋಡಿ ಮಾತಾಡುವುದು, ಕಲೆಯ ಕಥೆಯನ್ನು ಅವರಾಗಿ ಹೇಳುವವರೆಗೆ ಕೇಳದಿರುವುದು, ಮಾತು ನಿಧಾನವಾದರೆ ವಾಕ್ಯವನ್ನು ತಾವು ಪೂರೈಸದೆ ಕಾಯುವುದು. ಸರಕಾರವೂ ಒಂದು ಹೆಜ್ಜೆ ಇಟ್ಟಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಆಮ್ಲದಾಳಿಗೆ ತುತ್ತಾದವರನ್ನೂ ತನ್ನ 21 ವರ್ಗಗಳಲ್ಲಿ ಸೇರಿಸಿದೆ. ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಪ್ರತಿಶತ 40ಕ್ಕೆ ಕಡಿಮೆಯಿಲ್ಲದ ಊನವುಳ್ಳವರಿಗೆ ಪ್ರತಿಶತ 5ಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನು ಕಾದಿರಿಸಬೇಕೆಂದು ವಿಧಿಸಿದೆ.

ಮಾಡತಕ್ಕ ಕೆಲಸಗಳು

ಗಾಯವುಳ್ಳ ವಿದ್ಯಾರ್ಥಿಗೆ ಕೊನೆಯದಾಗಿ ನಾಲ್ಕು ಮಾತು. ಒಂದು: ಹೊಸ ಕಲೆಗೆ ಬಿಸಿಲು ತಾಗಿಸಬಾರದು. ಅತಿನೇರಳೆ ಕಿರಣ ತಾಗಿದರೆ ನಮ್ಮ ಮೈಬಣ್ಣದವರಲ್ಲಿ ಕಲೆ ಕಪ್ಪಾಗಿ ನಿಲ್ಲುತ್ತದೆ. ಮೋಡದ ದಿನಗಳಲ್ಲಿಯೂ ಈ ಕಿರಣಗಳಲ್ಲಿ ಗಣನೀಯ ಭಾಗ ಕೆಳಗಿಳಿಯುವುದರಿಂದ, ಆಟಿಯ ಮಳೆಯಿದೆಯೆಂದು ಉದಾಸೀನ ಸಲ್ಲದು. ಕೊಡೆಯನ್ನು ಮಳೆ ನಿಂತ ಮೇಲೂ ಬಿಡಿಸಿರಿ. ಗಾಯ ಪೂರ್ಣ ಮುಚ್ಚಿದ ಮೇಲೆ ವೈದ್ಯರನ್ನು ಕೇಳಿ ಬಿಸಿಲು ತಡೆಯುವ ಲೇಪ ಹಚ್ಚಿರಿ. ಎರಡು: ಕೇಳುವವರಿಗೆ ಒಂದೇ ವಾಕ್ಯದ ಉತ್ತರ ಸಿದ್ಧವಿರಲಿ: “ದವಡೆಯ ಶಸ್ತ್ರಕ್ರಿಯೆಯಾಗಿದೆ, ಮಾಗುತ್ತಿದೆ.” ಅಷ್ಟು ಸಾಕು, ಮುಂದಿನ ಮಾತು ಪಾಠದ್ದಾಗಲಿ. ಮೂರು: ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ ಇನ್ನೊಬ್ಬರಿಂದ ಒಂದು ಚಿತ್ರ ತೆಗೆಸಿ ದಿನಾಂಕ ಬರೆದಿಡಿರಿ. ದಿನವೂ ಕನ್ನಡಿ ನೋಡುವ ಕಣ್ಣಿಗೆ ಕಾಣದ ಬದಲಾವಣೆ ಈ ಚಿತ್ರಗಳಲ್ಲಿ ಕಾಣುತ್ತದೆ. ನಾಲ್ಕು: ಬಾವು ಇಳಿಯದೆ ಹೆಚ್ಚಿದರೆ, ಜ್ವರ ಬಂದರೆ, ಕಲೆ ಗಾಯದ ಅಂಚನ್ನು ಮೀರಿ ಗಂಟಾಗಿ ಬೆಳೆದರೆ, ಅಥವಾ ಮನಸ್ಸಿನ ಕುಗ್ಗುವಿಕೆ ವಾರಗಟ್ಟಲೆ ಹಿಡಿದಿದ್ದರೆ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಕೊನೆಯದೂ ಮೊದಲಿನವುಗಳಷ್ಟೇ ವೈದ್ಯಕೀಯ ವಿಷಯ.

ವರ್ಷ ಬಿಡುವುದೋ ಬೇಡವೋ ಎಂಬುದಕ್ಕೆ ಮೇಲಿನ ಲೆಕ್ಕಗಳೇ ದಾರಿ ತೋರಿಸುತ್ತವೆ. ವೈದ್ಯರು ವಿಶ್ರಾಂತಿ ಬೇಕೆಂದರೆ ಆ ಮಾತನ್ನು ಕೇಳತಕ್ಕದ್ದು. ಅದಿಲ್ಲವಾದರೆ, ಮನೆಯಲ್ಲಿ ಕುಳಿತರೂ ನರ ದಿನಕ್ಕೆ ಒಂದು ಮಿಲಿಮೀಟರೇ ಬೆಳೆಯುತ್ತದೆ, ತರಗತಿಯಲ್ಲಿ ಕುಳಿತರೂ ಅಷ್ಟೇ. ಮಾಗುವ ಕೆಲಸವನ್ನು ದೇಹ ಹೇಗೂ ಮಾಡುತ್ತಿರುತ್ತದೆ. ಅಷ್ಟರಲ್ಲಿ ನಾವು ಪಾಠವನ್ನು ಮುಂದುವರಿಸಬಹುದು.